ರು ತೆಗೆದ ಪುಸ್ತಕ

ಜನವರಿ ೮

ತಂಗಿಗೆ,

ಕ್ಷೇಮ ಸಮಾಚಾರ ಕೇಳುವುದಿಲ್ಲ. ಇಷ್ಟು ದಪ್ಪದ ಹಸ್ತಪ್ರತಿಯನ್ನು ಕೈಯಲ್ಲೇ ಬರೆದು ಕಳಿಸುವಷ್ಟು ತ್ರಾಣ ಇರುವವಳು ಕ್ಷೇಮವಾಗಿಯೇ ಇರುತ್ತಾಳೆ. ನಾನೂ ಗಟ್ಟಿಯಾಗಿದ್ದೇನೆ. ಮಂಡಿನೋವು ಇದೆ, ಆದರೆ ಅದು ನನ್ನ ಮಾತು ಕೇಳುತ್ತದೆ.

ಅಮ್ಮ ತೀರಿಕೊಂಡ ದಿನ ನಡುಮನೆಯಲ್ಲಿ ನಿಂತು ಎಲ್ಲರೆದುರು ನೀನು ಆಡಿದ ಮಾತನ್ನೂ ಅದಕ್ಕೆ ನಾನು ಕೊಟ್ಟ ಉತ್ತರವನ್ನೂ ನಾನು ಮರೆತಿಲ್ಲ. ನೀನೂ ಮರೆತಿರಲಾರೆ, ಇಲ್ಲದಿದ್ದರೆ ಇಷ್ಟು ವರ್ಷ ಈ ಕಡೆ ತಲೆ ಹಾಕದೆ ಇರುತ್ತಿರಲಿಲ್ಲ. ಅದನ್ನೆಲ್ಲ ಇಲ್ಲಿ ಎತ್ತುವುದಿಲ್ಲ. ಇದು ಕೆಲಸದ ಕಾಗದ.

ನಿನ್ನ ಪ್ರಕಾಶಕ ಕೊನೆಯ ಗಳಿಗೆಯಲ್ಲಿ ಕೈ ಎತ್ತಿದ ಎಂದು ಬರೆದಿದ್ದೀಯ. "ಸ್ವಲ್ಪ ಮೆತ್ತಗೆ ಮಾಡಿ ಮೇಡಂ" ಅಂದನಂತೆ. "ಗಂಡಸರ ಆಳ್ವಿಕೆ" ಎಂದಿರುವ ಕಡೆಯಲ್ಲೆಲ್ಲ "ಸಮಾಜದ ಕೆಲವು ಲೋಪಗಳು" ಎಂದು ಹಾಕೋಣ ಅಂದನಂತೆ. ಓದಿ ನಗು ಬಂತು. ಹಲ್ಲು ಕಿತ್ತ ಹಾವನ್ನು ಆಡಿಸುವುದು ಯಾರಿಗೆ ಬರುವುದಿಲ್ಲ?

ನಿನಗೆ ನಮ್ಮ ಪ್ರೆಸ್ಸು ನೆನಪಾದದ್ದು ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಎಂಬುದು ನನಗೆ ಗೊತ್ತು. ಅದಕ್ಕೆ ಬೇಸರವಿಲ್ಲ. ಪುಸ್ತಕ ಅಚ್ಚು ಹಾಕುವುದು ನಮ್ಮ ಕಸುಬು. ಮದುವೆ ಕಾರ್ಡು, ಬಿಲ್ ಬುಕ್ಕು, ಶಾಲೆಯ ಪ್ರಶ್ನೆಪತ್ರಿಕೆಗಳ ಮಧ್ಯೆ ಒಂದು ಪುಸ್ತಕ ಬಂದರೆ ಮಷೀನಿಗೂ ಮರ್ಯಾದೆ.

ಮೊದಲ ಪುಟ ಮಾತ್ರ ಓದಿದೆ. "ಅಪ್ಪ ಹೊಡೆದ. ಅಮ್ಮ ಅತ್ತಳು. ನಮ್ಮ ಮನೆಯ ಚರಿತ್ರೆ ಇಷ್ಟೇ." ಓದಿ, ಕನ್ನಡಕ ತೆಗೆದಿಟ್ಟು, ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಊರಿನ ಅರ್ಧ ಜನ ಅಪ್ಪನ ಶಿಷ್ಯರು ಎಂಬುದನ್ನು ನಿನಗೆ ನೆನಪಿಸಬೇಕಾಗಿಲ್ಲ.

ಒಂದಕ್ಷರವನ್ನೂ ಬದಲಿಸಬಾರದು ಎಂಬುದು ನಿನ್ನ ಷರತ್ತು. ಒಪ್ಪಿದ್ದೇನೆ. ನಾನು ಮಾತು ಕೊಟ್ಟರೆ ಏನು ಎಂಬುದು ನಿನಗೆ ಗೊತ್ತು.

ಇತಿ,
ನಿನ್ನ ಅಕ್ಕ

ಜನವರಿ ೨೯

ತಂಗಿಗೆ,

ಪೂರ್ತಿ ಓದಿದೆ. ಮಧ್ಯಾಹ್ನದ ಊಟವಾದ ಮೇಲೆ ಎಲ್ಲರೂ ಅಡ್ಡಾಗುತ್ತಾರಲ್ಲ, ಆ ಹೊತ್ತಿನಲ್ಲಿ ಪ್ರೆಸ್ಸಿನ ಆಫೀಸು ಕೋಣೆಯಲ್ಲಿ ಕೂತು ಓದಿದೆ. ಹೈಸ್ಕೂಲು ಮುಗಿಸಿದವಳಿಗೆ ಅರ್ಥವಾಗುತ್ತದೋ ಇಲ್ಲವೋ ಎಂದು ನೀನು ಅನುಮಾನಪಟ್ಟಿದ್ದರೆ, ಆಗಿದೆ. ಮೂರು ಕಡೆ ಆಗಲಿಲ್ಲ. ಅಲ್ಲಿ ತಪ್ಪು ನಿನ್ನದು.

ಮನೆ ಎಂಬುದು ಗಂಡಸಿನ ಮೊದಲ ರಾಜ್ಯ, ಅಲ್ಲಿ ಚುನಾವಣೆ ನಡೆಯುವುದೇ ಇಲ್ಲ ಎಂದು ಬರೆದಿದ್ದೀಯ. ಒಪ್ಪಿದೆ. ಹೆಂಗಸಿನ ದುಡಿಮೆಗೆ ಪ್ರೀತಿ ಎಂದು ಹೆಸರಿಟ್ಟು ಸಂಬಳ ಉಳಿಸಿಕೊಂಡರು ಎಂದು ಬರೆದಿದ್ದೀಯ. ಅದನ್ನೂ ಒಪ್ಪಿದೆ. ಕೊಂಬೆ ಕಡಿದರೆ ಸಾಲದು, ಕಾನೂನು ಬದಲಿಸಿದರೆ ಸಾಲದು, ಬೇರು ಕೀಳಬೇಕು ಅನ್ನುತ್ತೀಯ. ಬೇರು ಎಲ್ಲಿದೆ ಎಂದು ಬೀದಿಯಲ್ಲಿ ಘೋಷಣೆ ಕೂಗುವಾಗ ಹುಡುಕಿದ್ದೀಯ. ಒಮ್ಮೆ ನನ್ನನ್ನೂ ಕೇಳಬಹುದಿತ್ತು. ನಾನು ಬೇರಿನ ಪಕ್ಕದಲ್ಲೇ ಸಂಸಾರ ಮಾಡಿದವಳು.

ಇನ್ನು ಆರನೆಯ ಅಧ್ಯಾಯ. "ಬೀಗದಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೊಸೆಯಂದಿರನ್ನೂ ತಂಗಿಯರನ್ನೂ ಹದ್ದುಬಸ್ತಿನಲ್ಲಿಡುವ ಹಿರಿಯ ಹೆಂಗಸು ಗಂಡಸರ ಜೈಲಿನ ಕಾವಲುಗಾರ್ತಿ." ಇದು ನಾನೇ ತಾನೆ? ಸುತ್ತಿ ಬಳಸಿ ಹೇಳಬೇಡ, ಗೊಂಚಲು ಇದೋ ಈಗಲೂ ಸೊಂಟದಲ್ಲೇ ಇದೆ. ಆ ಸಾಲನ್ನು ತೆಗೆಯಬೇಡ. ನಿಜವನ್ನು ತೆಗೆಸುವುದು ನನ್ನ ಜಾಯಮಾನವಲ್ಲ. ಆದರೆ ಜೈಲಿನಲ್ಲಿ ಕಾವಲುಗಾರ್ತಿಗಾದರೂ ತಿಂಗಳಿಗೊಂದು ಸಂಬಳ ಇರುತ್ತದೆ, ನನಗೆ ಅದೂ ಇರಲಿಲ್ಲ. ಬೇಕಾದರೆ ಸೇರಿಸಿಕೋ.

ನಮ್ಮ ಕಂಪ್ಯೂಟರಿನವಳು ಟೈಪು ಮಾಡಲು ಶುರು ಮಾಡಿದ್ದಾಳೆ. ಎರಡು ಮಕ್ಕಳ ತಾಯಿ, ಕೈ ಚುರುಕು. ಕರಡು ತಿದ್ದುವುದಕ್ಕೆ ನಮ್ಮ ಹಳೆಯ ಮೇಷ್ಟ್ರಿದ್ದಾರೆ. ಶಾಲೆಯಿಂದ ನಿವೃತ್ತರಾದಾಗಿನಿಂದ ನಮ್ಮಲ್ಲೇ. ಕಾಗುಣಿತದಲ್ಲಿ ಅವರ ಕಣ್ಣು ತಪ್ಪಿಸಿ ಇರುವೆಯೂ ಹೋಗಲಾರದು. ಕರಡು ತಿದ್ದಿ ಮುಗಿದ ಮೇಲೆ ನಾನೊಂದು ಸಲ ನೋಡಿ ನಿನಗೆ ಕಳಿಸುತ್ತೇನೆ.

ನಿನ್ನ ಭಾವನಿಗೆ ಇನ್ನೂ ಹೇಳಿಲ್ಲ. ಹೇಳುತ್ತೇನೆ.

ಇತಿ,
ಅಕ್ಕ

ಫೆಬ್ರವರಿ ೨೦

ತಂಗಿಗೆ,

ಕರಡಿನ ಮೇಲೆ ನೀನು ಕೆಂಪು ಶಾಯಿಯಲ್ಲಿ ಗೀಚಿದ್ದು ತಲುಪಿತು. "ಇದು ನನ್ನ ಪುಸ್ತಕ ಅಲ್ಲ. ಹಸ್ತಪ್ರತಿ ವಾಪಸ್ ಕಳಿಸು." ಎರಡೇ ಸಾಲು. ಚಿಕ್ಕಂದಿನಲ್ಲಿ ನಿನ್ನನ್ನು ಮನೆಯವರೆಲ್ಲ ಬೆಂಕಿಪೊಟ್ಟಣ ಅನ್ನುತ್ತಿದ್ದರು. ಗೀರಿದವರು ಯಾರು ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಈ ಸಲ ಗೀರಿದ್ದು ನಾವೇ. ಆದ್ದರಿಂದ ಉತ್ತರ ಕೊಡುವುದು ನನ್ನ ಕರ್ತವ್ಯ.

ನಡೆದದ್ದು ಇಷ್ಟು. ನೀನು ಬರೆದದ್ದು "ಅಪ್ಪ ಹೊಡೆದ". ಕರಡಿನಲ್ಲಿ ಬಂದದ್ದು "ಅಪ್ಪ ಹೊಡೆದರು". ಪುಸ್ತಕದ ಉದ್ದಕ್ಕೂ ಹೀಗೇ ಆಗಿದೆ. ಗಂಡಸು ಬಂದಲ್ಲೆಲ್ಲ ಒಂದು ರು ಬಂದು ಕೂತಿದೆ. ನೀನು ಸುತ್ತು ಹಾಕಿ ತೋರಿಸಿದ ಆ ಸಾಲು: "ಗಂಡ ಆಕೆಯ ಜುಟ್ಟು ಹಿಡಿದು ಬೀದಿಗೆ ತಳ್ಳಿದರು." ನಾನು ಮೇಷ್ಟ್ರನ್ನು ಕರೆಸಿದೆ.

"ಮೇಷ್ಟ್ರೇ, ಮೂಲದಲ್ಲಿ 'ಹೊಡೆದ' ಅಂತಿದೆಯಲ್ಲ?"

"ಕೈಬರಹ ತಾಯಿ, ಅವಸರಕ್ಕೆ ಬಿಟ್ಟುಹೋಗಿರುತ್ತೆ. ತಂದೆಯವರನ್ನ ಯಾರಾದ್ರೂ ಏಕವಚನದಲ್ಲಿ ಬರೀತಾರಾ?"

"ಪುಸ್ತಕದ ತುಂಬ ಬಿಟ್ಟುಹೋಗಿದೆಯಲ್ಲ?"

"ಅದಕ್ಕೇ ಅಂದೆ, ಬಹಳಾನೇ ಅವಸರದಲ್ಲಿ ಬರೆದಿದ್ದಾರೆ ಪಾಪ."

"ಸರಿ. 'ಅಮ್ಮ ಅತ್ತಳು' ಅನ್ನೋದಕ್ಕೆ ಯಾಕೆ ರು ಹಾಕ್ಲಿಲ್ಲ?"

ಅವರು ಕರಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಅದರಲ್ಲಿ ತಪ್ಪೇನೂ ಇಲ್ವಲ್ಲ ತಾಯಿ."

ಅವರು ಕಪಟಿಯಲ್ಲ. ಎದುರಿಗೆ ಬಂದರೆ ನನಗೆ "ತಾಯಿ, ನೀವು" ಅನ್ನುವವರೇ. ಅಚ್ಚಿನಲ್ಲಿ ಮಾತ್ರ ತಾಯಿ ಬಂದಳು, ತಂದೆ ಬಂದರು.

ಅವರೊಬ್ಬರ ಮೇಲೇ ಯಾಕೆ ಹಾಕಲಿ. ಆ ಕರಡು ನಿನಗೆ ಬರುವ ಮೊದಲು ನಾನೂ ಓದಿದ್ದೆ. "ಅಪ್ಪ ಹೊಡೆದರು, ಅಮ್ಮ ಅತ್ತಳು" ಎಂದು ಬಾಯಿಬಿಟ್ಟೇ ಓದಿದ್ದೆ. ಎಲ್ಲೂ ಎಡವಲಿಲ್ಲ. ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಆಗಬೇಕಿತ್ತು, ತುಪ್ಪದ ಹಾಗೆ ಇಳಿಯಿತು. ಒಂದು ರು ಸೇರಿದ್ದಕ್ಕೆ ಹೊಡೆತವೂ ದೊಡ್ಡವರ ಕೆಲಸವಾಗಿಬಿಟ್ಟಿತು.

ಹಾಗಿದ್ದರೂ ನನ್ನದೊಂದು ತಕರಾರಿದೆ. ಗಂಡಸರಿಂದ ರು ಕಿತ್ತುಕೊಂಡು ನಿನಗೆ ಸಿಗುವುದೇನು? ಎಲ್ಲರನ್ನೂ ಕೆಳಗೆ ಕೂರಿಸಿದರೆ ಸಮಾನತೆ ಆಯಿತೇ? ನಾನಾಗಿದ್ದರೆ "ಅಪ್ಪ ಹೊಡೆದರು, ಅಮ್ಮ ಅತ್ತರು" ಎಂದು ಬರೆಯುತ್ತಿದ್ದೆ. ಅವರ ರು ಅವರಿಗಿರಲಿ, ನಮ್ಮದು ನಮಗೆ ಬರಲಿ.

ಇದು ನಿನ್ನ ಪುಸ್ತಕ, ನನ್ನದಲ್ಲ. ನೀನು ಬರೆದ ಹಾಗೇ ಬರುತ್ತದೆ. ಹಸ್ತಪ್ರತಿ ವಾಪಸ್ ಕಳಿಸುವುದಿಲ್ಲ. ಸಿಟ್ಟು ಇಳಿದ ಮೇಲೆ ಬರೆ.

ಇತಿ,
ಅಕ್ಕ

ಮಾರ್ಚ್ ೧೧

ತಂಗಿಗೆ,

ನಾಲ್ಕು ಹಾಳೆಯ ಕಾಗದ ಬರೆದಿದ್ದೀಯ. ಅಂದರೆ ಸಿಟ್ಟು ಇಳಿದಿಲ್ಲ, ಆದರೆ ಮಾತಿಗೆ ಬಂದಿದೆ. ಹೊಡೆಯುವವನಿಗೆ ಮರ್ಯಾದೆಯ ಬಹುವಚನ ಕೊಡುವ ಭಾಷೆಯೇ ಅವನ ಕೈಗೆ ಕೋಲು ಕೊಡುತ್ತದೆ ಅನ್ನುತ್ತೀಯ. ಚೆನ್ನಾಗಿದೆ. ಅಮ್ಮನಿಗೆ "ನೀನು" ಅನ್ನುತ್ತಿದ್ದದ್ದು ಸಲಿಗೆಯಿಂದ, ಅಪ್ಪನಿಗೆ "ನೀವು" ಅನ್ನುತ್ತಿದ್ದದ್ದು ಹೆದರಿಕೆಯಿಂದ, ಆ ಸಲಿಗೆಯನ್ನು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ ಎಂದೂ ಬರೆದಿದ್ದೀಯ. ಆ ಸಾಲನ್ನು ಎರಡು ಸಲ ಓದಿದೆ. ಬಿಡು.

ಈಗ ಇಲ್ಲಿ ಆದ ಇನ್ನೊಂದು ಅವಾಂತರ ಕೇಳು. ಕೇಳಿ ನಗು, ಆಮೇಲೆ ಬೈ.

ಮೇಷ್ಟ್ರು ಸೇರಿಸಿದ ರು ಎಲ್ಲ ತೆಗೆಸಬೇಕಿತ್ತಲ್ಲ. ನಾನು ಕಂಪ್ಯೂಟರಿನವಳಿಗೆ, "ಆ ರು ಎಲ್ಲಾ ತೆಗೆದುಬಿಡಮ್ಮ" ಅಂದೆ. ಅವಳು ಚುರುಕು ಎಂದು ಬರೆದಿದ್ದೆನಲ್ಲ, ಒಂದೇ ಒತ್ತಿಗೆ ತೆಗೆದುಬಿಟ್ಟಳು. ಇಡೀ ಪುಸ್ತಕದಲ್ಲಿ ಎಲ್ಲೆಲ್ಲಿ ರು ಇತ್ತೋ ಅದೆಲ್ಲ ಮಾಯ. ನೀರು "ನೀ" ಆಯಿತು. ಕಣ್ಣೀರು "ಕಣ್ಣೀ". ಉಸಿರು ಹೋಗಿ "ಉಸಿ". ನೀನು ಕೀಳಬೇಕು ಎಂದಿದ್ದ ಬೇರು ಯಾರೂ ಕೈ ಹಚ್ಚದೆ "ಬೇ" ಆಗಿ ಕೂತಿತ್ತು. ಹೆಸರಿಗೂ ಹೆಸರುಳಿಯಲಿಲ್ಲ, "ಹೆಸ" ಅಷ್ಟೆ. ನಿನ್ನ ಚಳವಳಿಯ ಅಧ್ಯಾಯ ಹೇಗೆ ಶುರುವಾಗುತ್ತದೆ ನೆನಪಿದೆಯಾ? "ಹೆಂಗಸರು ಬೀದಿಗೆ ಬಂದರು." ಅದು ಏನಾಗಿತ್ತು ಗೊತ್ತಾ? "ಹೆಂಗಸ ಬೀದಿಗೆ ಬಂದ."

"ಯಾರಮ್ಮಾ ಇವನು ಹೆಂಗಸ?" ಅಂದೆ.

ಅವಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಮೇಷ್ಟ್ರು ತಲೆಮೇಲೆ ಕೈ ಹೊತ್ತರು. "ನಾನು ಮೊದಲೇ ಹೇಳ್ಲಿಲ್ವಾ ತಾಯಿ, ರು ಮುಟ್ಟಬಾರದು ಅಂತ" ಅಂದರು. ನನಗೆ ನಕ್ಕು ನಕ್ಕು ಪಕ್ಕೆ ನೋವು ಬಂತು. ಹಳೆಯ ಫೈಲಿನ ಮೇಲೇ ಉಳಿಸಿಬಿಟ್ಟಿದ್ದಳು, ವಾಪಸ್ ಬರುವ ಹಾಗಿಲ್ಲ.

ಹೀಗಾಗಿ ನಿನ್ನ ಕೈಬರಹ ಹಿಡಿದು ಮೊದಲಿನಿಂದ ಶುರು ಮಾಡಿದ್ದೇವೆ. ನಾನು ಗಟ್ಟಿಯಾಗಿ ಓದುತ್ತೇನೆ, ಅವಳು ಸರಿಮಾಡುತ್ತಾ ಹೋಗುತ್ತಾಳೆ. ನನ್ನ ಗಂಟಲು ನಿನಗೆ ಗೊತ್ತಲ್ಲ. ಹೊಸದರಲ್ಲಿ ಮಷೀನಿನ ಗಂಡಸರು ಕಿಸಕ್ಕೆಂದರು. ಮನೆಗೆಲಸದ ಅಧ್ಯಾಯಕ್ಕೆ ಬರುವ ಹೊತ್ತಿಗೆ ಮಷೀನು ನಿಂತಿತ್ತು. "ಯಾಕ್ರಪ್ಪಾ, ಕರೆಂಟು ಹೋಯ್ತಾ?" ಎಂದು ಕೇಳಿದೆ. ಕರೆಂಟು ಇತ್ತು. ನಿನ್ನೆ ಕಂಪ್ಯೂಟರಿನವಳು ಕೈ ನಿಲ್ಲಿಸಿ ಕೇಳಿದಳು, "ಅಮ್ಮಾವ್ರೇ, ಇದನ್ನ ಬರೆದೋರು ನಮ್ಮ ಮನೆಗೆ ಯಾವಾಗ ಬಂದಿದ್ರು?"

ಈ ಮಾತಿಗಿಂತ ದೊಡ್ಡ ವಿಮರ್ಶೆ ನಿನಗೆ ಎಲ್ಲೂ ಸಿಗುವುದಿಲ್ಲ.

ಇನ್ನೊಂದು ವಿಷಯ. ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಕೈಯಲ್ಲಿ ಜೋಡಿಸುವ ಕಾಲದಲ್ಲಿ ನಾನೂ ಕೈ ಕಪ್ಪು ಮಾಡಿಕೊಂಡು ಜೋಡಿಸಿದವಳು. ಮದುವೆ ಕಾರ್ಡುಗಳ ತಿಂಗಳಲ್ಲಿ ರು ಖಾನೆಯೇ ಮೊದಲು ಬರಿದಾಗುತ್ತಿತ್ತು. ಅವರು, ಇವರು, ಶ್ರೀಯುತರು, ಬಂಧುಗಳಾದವರು. ಆಗ ನಾನು ಯೋಚಿಸಿರಲಿಲ್ಲ. ಆ "ಹೆಂಗಸ"ನನ್ನು ನೋಡಿದ ಮೇಲೆ ಯೋಚಿಸಿದೆ. ಗಂಡಸಿಗೆ ಒಬ್ಬನೇ ಇದ್ದರೂ ರು. ಹೆಂಗಸಿಗೆ ನಾಲ್ಕು ಜನ ಕೂಡಿದ ಮೇಲೆ ರು. ಒಬ್ಬಳೇ ಇದ್ದಾಗ ಬಂದಳು, ಕೂಡಿ ಬಂದಾಗ ಬಂದರು. ನೀನು ಜನ್ಮವೆಲ್ಲ ಸಂಘ ಕಟ್ಟಿಕೊಂಡು ತಿರುಗಿದ್ದು ಯಾಕೆ ಎಂಬುದು ನನಗೆ ಈಗ ಹೊಳೆಯಿತು.

ಇತಿ,
ಅಕ್ಕ

ಮಾರ್ಚ್ ೨೪

ತಂಗಿಗೆ,

ಗಂಡಸಿನ ರು, ಹೆಂಗಸಿನ ರು ಎಂದೆನಲ್ಲ, ಆ ಮಾತನ್ನು ಪುಸ್ತಕದ ಕೊನೆಯಲ್ಲಿ ಹಾಕಿಕೊಳ್ಳಲೇ ಎಂದು ಕೇಳಿದ್ದೀಯ. ಹಾಕಿಕೋ. ನನ್ನ ಮಾತು ಎಂದು ಹೇಳಿಯೇ ಹಾಕಿಕೋ. ಹೆಂಗಸರ ಮಾತನ್ನು ಹೆಸರಿಲ್ಲದೆ ಬಳಸುವುದು ಗಂಡಸರ ಅಭ್ಯಾಸ ಎಂದು ಎರಡನೆಯ ಅಧ್ಯಾಯದಲ್ಲಿ ನೀನೇ ಬರೆದಿದ್ದೀಯ.

ನಿನ್ನ ಭಾವನಿಗೆ ನಾನು ಹೇಳುವ ಮೊದಲೇ ನನ್ನ ಗಂಟಲೇ ಹೇಳಿಬಿಟ್ಟಿತು. ಒಂದು ಮಧ್ಯಾಹ್ನ ಮಹಡಿಯಿಂದ ಇಳಿದು ಬಂದು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಿದ್ದಾರೆ. ಆಫೀಸು ಕೋಣೆಗೆ ಬಂದರು. ಬೋರ್ಡಿನ ಮೇಲೆ "ಯಜಮಾನರು" ಎಂದು ಬರೆದಿರುವುದು ಅವರ ಹೆಸರೇ ಆದರೂ, ಆ ಕುರ್ಚಿಯಲ್ಲಿ ಅವರು ಕೂತು ಬಹಳ ಕಾಲವಾಗಿದೆ. ನಿಂತೇ ಮಾತಾಡಿದರು.

"ಇವಳೇ, ಏನಿದು? ನಿನ್ನ ತಂಗಿ ಮಾವನೋರ ಮರ್ಯಾದೆ ತೆಗೆದಿದ್ದಾಳೆ, ನೀನು ಅದನ್ನ ಡಂಗುರ ಸಾರ್ತಿದ್ದೀಯ!"

"ಮರ್ಯಾದೆ ತೆಗೆದಿಲ್ಲ. ರು ತೆಗೆದಿದ್ದಾಳೆ."

"ಎರಡೂ ಒಂದೇ ಅಲ್ವೇನೇ?"

"ಒಂದೇನಾ? ಹಾಗಾದ್ರೆ ಮದುವೆ ಆದಾಗಿಂದ ನನಗೆ ಮರ್ಯಾದೆ ಇಲ್ಲ ಅಂತ ಆಯ್ತು. ನೀವೇ ಹೇಳಿದ್ದು."

ಕಂಪ್ಯೂಟರಿನ ಟಕಟಕ ನಿಂತಿತು. ಮೇಷ್ಟ್ರು ಕರಡಿನೊಳಗೆ ಮುಖ ಹುದುಗಿಸಿದರು. ನಿನ್ನ ಭಾವ ಮೇಜಿನ ಮೇಲಿದ್ದ ಬಿಲ್ ಬುಕ್ಕನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು. ಕೆಟ್ಟ ಮನುಷ್ಯರಲ್ಲ ಅವರು. ಕೈ ಎತ್ತಿದವರಲ್ಲ. ಕೈ ಎತ್ತದಿರುವುದನ್ನೇ ದೊಡ್ಡ ಉಪಕಾರವೆಂದು ನಾನೂ ಎಣಿಸುತ್ತಿದ್ದೆ. ಅದನ್ನು ಎಲ್ಲಿಂದ ಕಲಿತೆ ಎಂಬುದು ನಿನಗೆ ಗೊತ್ತು.

"ಇರಲಿ. ನನ್ನ ಹೆಸರು ಆ ಪುಸ್ತಕದ ಮೇಲೆ ಬರಕೂಡದು. ಮುದ್ರಕರು, ಪ್ರಕಾಶಕರು ಅಂತ ನನ್ನ ಹೆಸರು ಹಾಕಿದ್ರೆ ನೋಡು" ಅಂದರು.

"ಹಾಕಲ್ಲ. ನನ್ನ ಹೆಸರು ಹಾಕ್ತೀನಿ."

"ಜನ ಏನಂತಾರೆ?"

"ಓದಿದೋರು ಓದಿದ್ದು ಅಂತಾರೆ. ಓದದೋರು ಈಗ ಅನ್ನೋದನ್ನೇ ಅಂತಾರೆ."

ಅವರು ಹೋದರು. ರಾತ್ರಿ ಊಟಕ್ಕೆ ಕೂತಾಗ ಉಪ್ಪು ಬೇಕಾಗಿತ್ತು. "ಇವಳೇ" ಅನ್ನಲು ಹೋದವರು ತಡೆದು, "ಸ್ವಲ್ಪ... ಉಪ್ಪು" ಅಂದರು. ಕೊಟ್ಟೆ. ಇಷ್ಟಕ್ಕೆ ಗೆದ್ದೆ ಎಂದು ನಾನು ಬೀಗುತ್ತಿಲ್ಲ. ಆದರೆ ಆ ತಡೆದದ್ದನ್ನು ಗಮನಿಸಿದ್ದೇನೆ.

ಭಾವನಿಗೆ ಮುಜುಗರವಾದರೆ ಪುಸ್ತಕ ಬೇಡ ಎಂದು ನೀನು ಬರೆದ ಸಾಲನ್ನು ನಾನು ಓದಿಯೇ ಇಲ್ಲ ಎಂದುಕೋ. ಅಷ್ಟು ದಪ್ಪ ಪುಸ್ತಕ ಬರೆದು ಒಬ್ಬ ಗಂಡಸಿನ ಮುಜುಗರಕ್ಕೆ ಕಟ್ಟಿಡುವುದಾದರೆ ನೀನು ಬರೆದದ್ದು ಯಾರಿಗೆ?

ಇತಿ,
ಅಕ್ಕ

ಏಪ್ರಿಲ್ ೧೬

ತಂಗಿಗೆ,

ಕೊನೆಯ ಎರಡು ಪುಟ ಬಿಟ್ಟು ಉಳಿದದ್ದೆಲ್ಲ ಅಚ್ಚಾಗಿದೆ. ಮಡಿಸಿದ ಹಾಳೆಗಳು ಗೋಡೆಯ ಪಕ್ಕ ಸಾಲಾಗಿ ನಿಂತಿವೆ. ಮೊದಲ ಹಾಳೆ ಮಷೀನಿನಿಂದ ಹೊರಗೆ ಬಂದಾಗ ಶಾಯಿ ಆರುವ ಮೊದಲೇ ಕೈಗೆ ತೆಗೆದುಕೊಂಡೆ. "ಅಪ್ಪ ಹೊಡೆದ." ಅಚ್ಚಿನಲ್ಲಿ ನೋಡಿದ ಮೇಲೆ ನನಗೆ ಅದನ್ನು ಬೇರೆ ಥರ ಓದಲು ಬರುತ್ತಿಲ್ಲ. ಆ ಮನೆಯಲ್ಲಿ ನಾನು ನಿನಗಿಂತ ಹೆಚ್ಚು ವರ್ಷ ಇದ್ದೆ. ಅಮ್ಮ ಅತ್ತದ್ದನ್ನು ನೀನು ಕೇಳಿದ್ದೀಯ. ಅಳದೆ ಇದ್ದ ದಿನಗಳಲ್ಲಿ ಅವರು ಹೇಗಿದ್ದರು ಎಂಬುದನ್ನು ನಾನು ನೋಡಿದ್ದೇನೆ. ಅದನ್ನು ಎದುರಿಗೆ ಬಂದಾಗ ಹೇಳುತ್ತೇನೆ.

ಹೌದು, ಬಾ. ಬೈಂಡಿಂಗ್ ಮುಂದಿನ ತಿಂಗಳ ಮೊದಲ ವಾರಕ್ಕೆ ಮುಗಿಯುತ್ತದೆ. ಯಾವ ಸಭಾಭವನವೂ ಬೇಡ, ಯಾವ ಅತಿಥಿಗಳೂ ಬೇಡ. ನಮ್ಮ ನಡುಮನೆಯಲ್ಲೇ ನಿಂತು ಮೊದಲ ಪುಟ ಓದು. ಈ ಸಲ "ಬಾಯಿ ಮುಚ್ಚು" ಎಂದು ಅಮ್ಮ ಹೋದ ದಿನ ಅಂದ ಹಾಗೆ ನಾನು ಅನ್ನುವುದಿಲ್ಲ. ಬೇರೆ ಯಾರೂ ಅನ್ನದ ಹಾಗೆ ನೋಡಿಕೊಳ್ಳುತ್ತೇನೆ. ಕಂಪ್ಯೂಟರಿನವರು ತಮ್ಮ ಮನೆಯಿಂದಲೂ ಪಕ್ಕದ ಮನೆಯಿಂದಲೂ ಹೆಂಗಸರನ್ನು ಕರೆದುಕೊಂಡು ಬರುತ್ತಾರಂತೆ. ನಿನ್ನ ಭಾವ ಆ ದಿನ ಊರಲ್ಲಿರುವುದಿಲ್ಲ ಎಂದರು. ಆಮೇಲೆ, ಕುರ್ಚಿ ಎಷ್ಟು ಬೇಕಾಗುತ್ತದೆ ಎಂದು ಕೇಳಿದರು. ಎರಡನ್ನೂ ನಂಬಿದ್ದೇನೆ.

ಮುದ್ರಕರು ಮತ್ತು ಪ್ರಕಾಶಕರು ಎಂದಿರುವ ಕಡೆ ನನ್ನ ಹೆಸರು ಬಂದಿದೆ. ಮೇಷ್ಟ್ರು ಕೇಳಿದರು, "ತಾಯಿ, ಇಲ್ಲಿ 'ಪ್ರಕಾಶಕಿ' ಅಂತ ಮಾಡ್ಲಾ?" "ನಿಮ್ಮ ಕೈಗೆ ರು ಚೆನ್ನಾಗಿ ಕೂರುತ್ತೆ ಮೇಷ್ಟ್ರೇ, ಇದ್ದ ಹಾಗೇ ಬಿಡಿ" ಅಂದೆ. ಅವರು ನಗಲಿಲ್ಲ. ಕರಡು ಎತ್ತಿಕೊಂಡು ತಮ್ಮ ಮೇಜಿಗೆ ಹೋದರು.

ಈಗ ಈ ಕಾಗದ ಬರೆಯುವ ಕಾರಣಕ್ಕೆ ಬರುತ್ತೇನೆ. ನೀನು ಹೊಸದಾಗಿ ಬರೆದು ಕಳಿಸಿದ ಕೊನೆಯ ಪ್ಯಾರಾ ನಿನ್ನೆ ಕರಡಾಗಿ ಬಂತು. ಒಂದಕ್ಷರವೂ ಬದಲಾಗಬಾರದು ಎಂದು ಮೇಷ್ಟ್ರಿಗೆ ಖಡಕ್ಕಾಗಿ ಹೇಳಿದ್ದೆ. ಇಡೀ ಪುಸ್ತಕದಲ್ಲಿ ಅವರು ಆ ಮಾತು ಉಳಿಸಿಕೊಂಡಿದ್ದಾರೆ. ಕೈ ತಡೆಯಲಾರದೆ ಒದ್ದಾಡಿದ್ದನ್ನು ನಾನೇ ಕಂಡಿದ್ದೇನೆ, ಆದರೆ ಒಬ್ಬ ಗಂಡಸಿಗೂ ರು ಹಾಕಲಿಲ್ಲ. ಕೊನೆಯ ಪುಟದಲ್ಲಿ ಮಾತ್ರ ಒಂದು ಕಡೆ ತಿದ್ದಿದ್ದಾರೆ. ನೀನು ಬರೆದದ್ದು ಹೀಗಿತ್ತು: "ಅಕ್ಕ ಹೇಳಿದಳು: ಗಂಡಸಿಗೆ ಒಬ್ಬನೇ ಇದ್ದರೂ ರು, ಹೆಂಗಸಿಗೆ ನಾಲ್ಕು ಜನ ಕೂಡಿದ ಮೇಲೆ ರು."

ಮೇಷ್ಟ್ರು "ಹೇಳಿದಳು" ಎಂಬುದರಲ್ಲಿ ಕೊನೆಯ ಅಕ್ಷರ ಹೊಡೆದುಹಾಕಿ, ಪಕ್ಕದಲ್ಲಿ ತಮ್ಮ ಸಣ್ಣ ಗುಂಡಗಿನ ಅಕ್ಷರದಲ್ಲಿ ರು ಎಂದು ಬರೆದಿದ್ದಾರೆ.

ಅಕ್ಕ ಹೇಳಿದರು.

ನನ್ನನ್ನು ಕೇಳಲಿಲ್ಲ, ಯಾರೂ ಹೇಳಿಕೊಟ್ಟದ್ದೂ ಅಲ್ಲ. ತಪ್ಪು ಕಂಡಿತು, ತಿದ್ದಿದರು, ಅಷ್ಟೆ.

ಒಂದಕ್ಷರವನ್ನೂ ಬದಲಿಸುವುದಿಲ್ಲ ಎಂದು ನಾನು ನಿನಗೆ ಮಾತು ಕೊಟ್ಟಿದ್ದೇನೆ. ನೀನು ನನ್ನನ್ನು ನೀನು ಎಂದೇ ಕರೆ, ಆ ಸಲಿಗೆ ನಿನ್ನದು, ಅದನ್ನು ಬಿಟ್ಟರೆ ನನಗೇ ಕೋಪ ಬರುತ್ತದೆ. ಅಚ್ಚಿನ ವಿಷಯ ಬೇರೆ. ನೀನು ಬೇಡ ಎಂದರೆ ಆ ರು ತೆಗೆಸುತ್ತೇನೆ.

ನಾನಾಗಿ ತೆಗೆಯುವುದಿಲ್ಲ.

ಉತ್ತರ ಬರುವವರೆಗೆ ಕೊನೆಯ ಪುಟದ ಅಚ್ಚಿನ ಪ್ಲೇಟು ಮಾಡಿಸದೆ ಇಟ್ಟಿದ್ದೇನೆ.

ಇತಿ,
ನಿನ್ನ ಅಕ್ಕ
ಪ್ರಕಾಶಕರು